ಅಜ್ಜ ತಂದ ಕವಡೆ

ಒಂದೋ ಕವಡೆ ಸುಳ್ಳು ಹೇಳುತ್ತಿತ್ತು, ಇಲ್ಲವೇ ಅಜ್ಜಿ. ಪುಣೆಯಲ್ಲಿದ್ದ ಮಾರ್ಗದರ್ಶಕರಿಗೆ ಮಾತ್ರ ಮೂರನೆಯವಳ ಮೇಲೆ ಅನುಮಾನ. ಆ ಮೂರನೆಯವಳು ದೀಪಾಲಿ.

ಫೋನಿನಲ್ಲಿ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗಡಿಯಲ್ಲಿ ಕೊಂಡ ಕವಡೆಗೆ ಅಜ್ಜನ ಕಥೆ ಕಟ್ಟಿದೆಯಾ ಎಂದು ತಣ್ಣಗೆ ಕೇಳಿದರು. ಉತ್ತರ ಸಿಗುವವರೆಗೆ ಪ್ರಬಂಧ ಮುಂದೆ ಹೋಗದು ಎಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇವಳದು ಕವಡೆಗೆ ಹೋಗುವುದರಲ್ಲಿತ್ತು. ಸೊಲ್ಲಾಪುರದಲ್ಲಿ ರೈಲು ಇಳಿದವಳೇ ತನ್ನೂರು ಬೋರಾಮಣಿಯ ಬಸ್ಸು ಹತ್ತಿದಳು.

ಕೊಂಕಣದ ಕರಾವಳಿಯಲ್ಲಿ ಇತಿಹಾಸಪೂರ್ವದ ಜನ ತಿಂದು ಎಸೆದ ಚಿಪ್ಪುಗಳ ವಯಸ್ಸು ಹೇಳುವುದು ಅವಳ ಕೆಲಸ. ಚಿಪ್ಪಿನೊಳಗಿನ ಇಂಗಾಲ ಅಳೆದರೆ ವಯಸ್ಸು ತಿಳಿಯುತ್ತದೆ. ಆದರೆ ಕಡಲು ತನ್ನ ಹಳೆಯ ಇಂಗಾಲವನ್ನು ಅದಕ್ಕೆ ಬೆರೆಸಿಬಿಟ್ಟಿರುತ್ತದೆ. ಹಾಗಾಗಿ ಚಿಪ್ಪಿನ ಹುಳು ಸಾಯುವ ದಿನವೇ ಸತ್ತು ನಾನೂರು ವರ್ಷವಾದಂತೆ ಕಾಣುತ್ತದೆ. ಎಷ್ಟು ವರ್ಷ ಕಳೆದು ತಿದ್ದಬೇಕೆಂದು ತಿಳಿಯಲು, ಯಾವ ವರ್ಷ ಕಡಲಿನಿಂದ ಎತ್ತಿದ್ದೆಂದು ಖಚಿತವಾಗಿ ಗೊತ್ತಿರುವ ಚಿಪ್ಪು ಬೇಕು. ಅದೂ ಅಣುಬಾಂಬಿನ ಪರೀಕ್ಷೆಗಳು ಹೊಸ ಇಂಗಾಲ ಬೆರೆಸಿ ಗಾಳಿ, ನೀರು ಎರಡನ್ನೂ ಕೆಡಿಸುವ ಮೊದಲಿನದು.

ಅಂಥದ್ದು ಅವಳ ಮನೆಯ ದೇವರ ಜಗಲಿಯ ಮೇಲೇ ಇತ್ತು. ಬೀರೋಬನ ಮುಂದಿನ ಕವಡೆ ಸರ. ಅಜ್ಜ ಅಮೋಗಸಿದ್ಧ ಕುರಿ ಹಿಂಡಿನೊಡನೆ ಕೊಂಕಣಕ್ಕೆ ಇಳಿದು, ದೇಶದ ಮೊದಲ ಚುನಾವಣೆಯ ವರ್ಷ ತಂದದ್ದು. ಮರುವರ್ಷ ಹೋದವನು ಕಡಲ ಹಿನ್ನೀರು ದಾಟುವಾಗ ಮುಳುಗಿದನೆಂದು ಸುದ್ದಿ ಬಂತು, ಹೆಣ ಬರಲಿಲ್ಲ. ಅಜ್ಜಿ ಸಕ್ಕುಬಾಯಿ ಆಗ ತುಂಬಿದ ಬಸುರಿ. ಹೆರಿಗೆಯಾದ ಮೇಲೆ ಹಿರಿಯರು ಅವಳಿಗೆ ಮರುಮದುವೆ, ಅವರ ಮಾತಿನಲ್ಲಿ ಉಡಕಿ, ಮಾಡಿ ಬೋರಾಮಣಿಯ ಭೀಮಣ್ಣನಿಗೆ ಕೊಟ್ಟರು. ಕಂಕುಳಲ್ಲಿ ಬಂದ ಕೂಸು ಗುರುಶಾಂತ, ದೀಪಾಲಿಯ ಅಪ್ಪ. ಉಡಕಿಯಾದವಳು ಮೊದಲ ಗಂಡನ ಕವಡೆಗಳನ್ನು ಹೊಳೆಗೆ ಬಿಡಬೇಕೆಂಬುದು ಆ ಮನೆತನದ ರೂಢಿ. ಅಜ್ಜಿ ಬಿಡಲಿಲ್ಲ.

ಹೋದ ಬೇಸಿಗೆಯಲ್ಲಿ ದೀಪಾಲಿ, ಅಜ್ಜ ತನ್ನ ಕೈಯಾರೆ ತಂದ ಒಂದು ಕವಡೆ ಕೊಡೆಂದು ಕೇಳಿದ್ದಳು. ಅಜ್ಜಿ ಸರ ತಡವಿ, ದಾರ ಕತ್ತರಿಸಿ, ಒಂದನ್ನು ಕೊಟ್ಟಿದ್ದಳು. ಈಗ ಪ್ರಯೋಗಶಾಲೆ ಹೇಳುತ್ತಿದೆ, ಅದರಲ್ಲಿ ಬಾಂಬಿನ ಇಂಗಾಲವಿದೆ ಎಂದು. ಅಂದರೆ ಅಜ್ಜ ಮುಳುಗಿ ಎಷ್ಟೋ ವರ್ಷಗಳಾದ ಮೇಲೂ ಆ ಕವಡೆಯ ಹುಳು ಕಡಲಿನಲ್ಲಿ ಸುಖವಾಗಿ ಬದುಕಿತ್ತು.

ಅವಳು ಮನೆ ಮುಟ್ಟಿದಾಗ ಅಪ್ಪ ಜಗಲಿಯ ಮುಂದೆ ಎಡೆ ಬಡಿಸುತ್ತಿದ್ದ. ಪಿತೃಪಕ್ಷ. ಅಕ್ಕಲಕೋಟ ರಸ್ತೆಯ ಟವೆಲ್ ಕಾರ್ಖಾನೆಯಲ್ಲಿ ಮಗ್ಗ ಓಡಿಸಿ ಮುದುಕನಾದ ಗಟ್ಟಿ ಆಳು. ಆದರೂ ಕಾಣದ ತಂದೆಗೆ ಎಡೆ ಇಡುವಾಗ ಪ್ರತಿ ವರ್ಷ ಅವನ ಕಣ್ಣು ತುಂಬುತ್ತದೆ. ಅಜ್ಜಿ ಮೊದಲೆಲ್ಲ ಆ ಎಡೆಯ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಈಚಿನ ವರ್ಷಗಳಲ್ಲಿ ಮಾತ್ರ ತಾನೂ ಒಂದು ರೊಟ್ಟಿ ತಂದಿಡುತ್ತಾಳೆ. ವಯಸ್ಸಾಗಿ ಮೆತ್ತಗಾಗಿದ್ದಾಳೆ ಎಂದು ಮನೆಯವರು ತಿಳಿದಿದ್ದಾರೆ.

"ಅಜ್ಜಿ, ನೀ ಕೊಟ್ಟದ್ದು ಅಜ್ಜಂದಲ್ಲ."

"ಬೀರೋಬನ ಆಣಿ. ಅವನ ಕೈಯಾಂದ ಐತಿ."

ದೀಪಾಲಿಗೆ ಸಿಟ್ಟು ಬಂತು. ತನ್ನ ಓದು, ತನ್ನ ಹೆಸರು ಎಲ್ಲ ಮಣ್ಣುಪಾಲಾಗುತ್ತಿದೆ, ಮುದುಕಿ ಆಣೆ ಇಡುತ್ತಿದ್ದಾಳೆ. ಆಗ ಅಪ್ಪನೇ ನಡುವೆ ಬಾಯಿ ಹಾಕಿದ.

"ಆ ವಗ್ಗಯ್ಯಂದು ಇರಬೇಕು ತಗೊ. ನಿನ್ನ ತಲಿ ಮ್ಯಾಲ ಕೈ ಇಟ್ಟಿದ್ನಲ್ಲ, ಅಂವಂದು."

ದೀಪಾಲಿಗೆ ನೆನಪಾಯಿತು. ಚಂಪಾಷಷ್ಠಿಯ ಹೊತ್ತಿಗೆ ಕೊಂಕಣದ ಕಡೆಯಿಂದ ಬರುತ್ತಿದ್ದ ಮೈಲಾರನ ಭಿಕ್ಷುಕ. ಮುಖದ ತುಂಬ ಭಂಡಾರದ ಅರಿಶಿನ, ಎದೆಯವರೆಗೆ ಗಡ್ಡ, ಕೈಯಲ್ಲಿ ಗಂಟೆ. ಅವನಿಗೆ ಹಿಟ್ಟು ನೀಡಲು ಅಜ್ಜಿ ಸೊಸೆಯನ್ನೂ ಬಿಡುತ್ತಿರಲಿಲ್ಲ. ಅವನು ಮೊರದಲ್ಲಿ ಒಂದು ಕವಡೆ ಇಟ್ಟು ಹೋಗುತ್ತಿದ್ದ. ಅಜ್ಜಿ ಅದನ್ನು ಸರಕ್ಕೆ ಪೋಣಿಸುತ್ತಿದ್ದಳು. ಒಂದು ವರ್ಷ ಅವನು ಸಣ್ಣ ದೀಪಾಲಿಯ ತಲೆ ಸವರಿದ. ಅವಳು ಕಿರುಚಿದಳು. ಅಪ್ಪ ಬಡಿಗೆ ಎತ್ತಿ ಊರ ಸೀಮೆ ದಾಟಿಸಿದ್ದ. ಮತ್ತೆ ಅವನು ಬರಲಿಲ್ಲ. ಆ ಶೌರ್ಯವನ್ನು ಅಪ್ಪ ಇಂದಿಗೂ ಬಂದವರಿಗೆಲ್ಲ ಹೇಳುತ್ತಾನೆ.

ದೀಪಾಲಿಯ ಜೀವ ಹಗುರಾಯಿತು. ಅಜ್ಜಿ ಕಣ್ಣು ಕಾಣದೆ ಭಿಕ್ಷುಕನ ಕವಡೆ ಕತ್ತರಿಸಿ ಕೊಟ್ಟಿದ್ದಾಳೆ, ಅಷ್ಟೇ. ಸರಿಯಾದದ್ದನ್ನು ಒಯ್ದರೆ ಮಾನ ಉಳಿಯಿತು. ಸರವನ್ನು ಇಳಿಸಿ ಅಜ್ಜಿಯ ಮಡಿಲಿಗೆ ಹಾಕಿದಳು.

"ಅಜ್ಜಂದು ಯಾವುವು, ವಗ್ಗಯ್ಯಂದು ಯಾವುವು, ಬ್ಯಾರೆ ಮಾಡಿ ಕೊಡು."

ಅಜ್ಜಿ ಕವಡೆಗಳನ್ನು ಮುಟ್ಟಲಿಲ್ಲ. ಎಡೆಯ ಮುಂದೆ ಕೈ ಮುಗಿದು ಕೂತಿದ್ದ ಮಗನ ಕಡೆ ತಿರುಗಿದಳು.

"ಬ್ಯಾರೆ ಹೆಂಗ ಮಾಡ್ಲಿ? ನಿಮ್ಮಪ್ಪ ಬದುಕಿ ಬರೂದ್ರಾಗ ನಾ ಇನ್ನೊಬ್ಬರ ಮನ್ಯಾಗಿದ್ದೆ, ಗುರುಶಾಂತ. ವರ್ಷಕ್ಕೊಮ್ಮಿ ಹಿಟ್ಟಿನ ನೆವಾ ಮಾಡಿ ನಿನ್ನ ನೋಡಾಕ ಬರ್ತಿದ್ದ, ನೀ ಬಡಿಗಿ ಎತ್ತೂತನಾ."