ಲಕೋಟೆಯೊಳಗಿನ ಕೊಲೆಗಾರ

ಕೆಟಲಿನ ಹಬೆಗೆ ಹಿಡಿದ ಲಕೋಟೆಯ ಅಂಟು ನಾಲ್ಕೇ ನಿಮಿಷದಲ್ಲಿ ಬಿಟ್ಟುಕೊಂಡಿತು. ಭಾನುವಾರ ಮಧ್ಯಾಹ್ನ. ಹೆಂಡತಿ ತನ್ನ ಅಕ್ಕನ ಮನೆಗೆ ಹೋಗಿದ್ದಳು. ಆದರೂ ಅವನು ಅಡುಗೆಮನೆಯ ಚಿಲಕ ಹಾಕಿಕೊಂಡಿದ್ದ.

ಪ್ರಕಾಶನದ ಕಚೇರಿಯಲ್ಲಿ ಅವನ ಅಡ್ಡಹೆಸರು ಅಲ್ಪವಿರಾಮ. ಇಪ್ಪತ್ತೆರಡು ವರ್ಷ ಬೇರೆಯವರ ಪುಸ್ತಕಗಳ ಕರಡು ತಿದ್ದಿದವನು. ಮುಖಪುಟದ ಮೇಲೆ ಒಮ್ಮೆಯಾದರೂ ತನ್ನ ಹೆಸರು ಬರಲಿ ಎಂಬ ಆಸೆಯನ್ನು ಹೆಂಡತಿಗಲ್ಲದೆ ಯಾರಿಗೂ ಹೇಳಿದವನಲ್ಲ.

ಅವಕಾಶ ತಾನಾಗಿಯೇ ಬಂದಿತ್ತು. ಹದಿನಾರು ಪತ್ತೇದಾರಿ ಕಾದಂಬರಿ ಬರೆದ ಹಿರಿಯ ಲೇಖಕರು ಹದಿನೇಳನೆಯದರ ಹತ್ತು ಅಧ್ಯಾಯ ಮುಗಿಸಿ ತೀರಿಕೊಂಡಿದ್ದರು. ಅವರದು ತಲೆಕೆಳಗಾದ ಪದ್ಧತಿ. ಮೊದಲು ಕೊನೆಯ ಅಧ್ಯಾಯ ಟೈಪ್ ಮಾಡಿ, ಲಕೋಟೆಗೆ ಹಾಕಿ ಅಂಟಿಸಿ, ಆಮೇಲೆ ಮೊದಲಿನಿಂದ ಶುರು ಮಾಡುತ್ತಿದ್ದರು. ಮಾಲಿಕೆಯನ್ನು ಮುಂದುವರಿಸುವವನಿಗೆ ಅವರ ಹೆಂಡತಿ, ನಿವೃತ್ತ ಶಾಲಾ ಶಿಕ್ಷಕಿ, ಒಂದೇ ಷರತ್ತು ಹಾಕಿದ್ದರು.

“ಕೊಲೆಗಾರ ಯಾರು ಅಂತ ನೀವೇ ಕಂಡುಹಿಡಿದು ಬರೀರಿ. ಆಮೇಲೆ ಇಬ್ಬರೂ ಕೂತು ಲಕೋಟೆ ಒಡೆಯೋಣ. ಎರಡೂ ಒಂದೇ ಆದ್ರೆ ಮುಂದಿನ ಪುಸ್ತಕಗಳೆಲ್ಲ ನಿಮ್ಮವೇ. ಲಕೋಟೆ ನಿಮ್ಮ ಹತ್ರಾನೇ ಇರ್ಲಿ. ಎದುರಿಗಿದ್ರೆ ಬರೆಯೋಕೆ ಹುರುಪು.”

ಅವನು ನಿಜಕ್ಕೂ ತಲೆ ಓಡಿಸಿದ್ದ. ಕಥೆಯಲ್ಲಿ ಡಾಕ್ಟರೊಬ್ಬರ ಕೊಲೆ. ಅನುಮಾನ ಮೂವರ ಮೇಲೆ: ತಮ್ಮ, ಡ್ರೈವರ್, ಕಂಪೌಂಡರ್. ಹದಿನಾರೂ ಪುಸ್ತಕಗಳನ್ನು ಮೂರು ಮೂರು ಸಲ ತಿದ್ದಿದ ಅವನಿಗೆ ಒಂದು ಗುಟ್ಟು ಗೊತ್ತಿತ್ತು. ಹಿರಿಯರ ಕಾದಂಬರಿಗಳಲ್ಲಿ ಕೊಲೆಗಾರರೆಲ್ಲ ಗಡಿಯಾರ ನೋಡದೆ ಸಮಯ ಹೇಳುತ್ತಿದ್ದರು. ಈ ಸಲ ಹಾಗೆ ಹೇಳಿದವನು ಕಂಪೌಂಡರ್. ಎರಡು ತಿಂಗಳು ಪಟ್ಟು ಹಿಡಿದು ಕೂತು, ಕಂಪೌಂಡರನ ಕೈಗೆ ಬೇಡಿ ತೊಡಿಸಿ, ಮೂರು ಅಧ್ಯಾಯ ಬರೆದು ಮುಗಿಸಿದ್ದ.

ಆದರೆ ತಪ್ಪಾಗಿದ್ದರೆ? ಜೀವನವಿಡೀ ತಪ್ಪು ಹುಡುಕಿ ಬದುಕಿದವನಿಗೆ ತಾನು ಬರೆದದ್ದು ಸರಿ ಎಂದು ನಂಬುವುದು ಗೊತ್ತಿರಲಿಲ್ಲ.

ಲಕೋಟೆಯಲ್ಲಿ ಎರಡು ಹಾಳೆ. ಅಭ್ಯಾಸಬಲದಿಂದ ಪೆನ್ಸಿಲ್ ಕೈಗೆತ್ತಿಕೊಂಡ. ತಿದ್ದಲು ಒಂದೂ ತಪ್ಪು ಸಿಗಲಿಲ್ಲ. ಕೊಲೆಗಾರ ಡ್ರೈವರ್.

ಬರೆದಿದ್ದ ಮೂರು ಅಧ್ಯಾಯಗಳನ್ನು ಚೂರುಚೂರು ಮಾಡಿ ಕಸದ ಡಬ್ಬಿಯ ತಳಕ್ಕೆ ತುರುಕಿದ. ಲಕೋಟೆಯನ್ನು ಮೊದಲಿನಂತೆಯೇ ಅಂಟಿಸಿದ.

ಅವನು ಹೊಸದಾಗಿ ಬರೆಯುತ್ತಿರುವುದನ್ನು ಕಂಡು ಹೆಂಡತಿ ಕೇಳಿದಳು, “ಕಂಪೌಂಡರ್ ಅಂತಿದ್ರಲ್ಲ?”

“ಡ್ರೈವರ್ ಅಂತ ಹೊಳೀತು.”

“ಆ ದೊಡ್ಡವರಿಗೆ ಸರಿಸಮ ನಿಮ್ಮ ತಲೆ. ನೋಡ್ತಿರಿ ಬೇಕಾದ್ರೆ,” ಎಂದು ಚಹಾ ಇಟ್ಟು ಹೋದಳು.

ಅವನಿಗೆ ನಾಚಿಕೆಯಾಯಿತು. ಅವಳು ಕೊಟ್ಟ ಚಹಾ ಕುಡಿಯಲಾಗಲಿಲ್ಲ.

ತಿಂಗಳ ನಂತರ ಶಿಕ್ಷಕಿ ಅವನ ಹಸ್ತಪ್ರತಿಯ ಕೊನೆಯ ಪುಟ ಓದಿ ಕನ್ನಡಕ ತೆಗೆದರು.

“ಡ್ರೈವರ್.”

“ಹೌದಮ್ಮ.”

“ಹೇಗೆ ಗೊತ್ತಾಯ್ತು?”

“ಯಜಮಾನರ ಜಾಡು ಹಿಡ್ಕೊಂಡು ಹೋದೆ, ಅಷ್ಟೇ.”

ಅವನು ಮೇಜಿನ ಮೇಲಿಟ್ಟ ಲಕೋಟೆಯನ್ನು ಅವರು ಮುಟ್ಟಲೇ ಇಲ್ಲ. “ಇದನ್ನ ಒಡೆಯೋದು ಬೇಡ. ಇದರಲ್ಲಿರೋದು ಇವರು ಬರೆದಿದ್ದಲ್ಲ, ನಾನು ಬರೆದಿದ್ದು. ನಿಮಗಿಂತ ಮೊದಲು ಇಬ್ಬರು ಬಂದಿದ್ರು. ಇಬ್ಬರೂ ಡ್ರೈವರನ್ನೇ ಹಿಡ್ಕೊಂಡು ಬಂದ್ರು. ಪಾಪ, ಅವನದೇನೂ ತಪ್ಪಿಲ್ಲ.”

ಅವನು ಲಕೋಟೆಯ ಅಂಟನ್ನೇ ನೋಡುತ್ತ ಕೂತ. ತಲೆ ಎತ್ತಲಾಗಲಿಲ್ಲ.

“ನಿಮ್ಮನ್ನ ನಂಬಿದ್ದೆ,” ಎಂದರು ಶಿಕ್ಷಕಿ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “‘ನನ್ನ ಗುಟ್ಟು ಹಿಡಿಯೋನು ಅಂತ ಇದ್ರೆ ಆ ಅಲ್ಪವಿರಾಮ ಒಬ್ಬನೇ’ ಅಂತಿದ್ರು ಇವರು.”

ಕಂಪೌಂಡರ್ ಎಂದಿದ್ದರೂ ತಪ್ಪೇ ಆಗುತ್ತಿತ್ತೋ ಏನೋ ಎಂದು ಅವನು ಒಳಗೊಳಗೇ ಸಮಾಧಾನ ಹೇಳಿಕೊಂಡ. ಬೇರೆ ದಾರಿ ಇರಲಿಲ್ಲ.

ಅವರು ಬೀರುವಿನಿಂದ ಒಂದು ಹಾಳೆ ತಂದು ಅವನ ಮುಂದೆ ಸರಿಸಿದರು. ಸಾಲಿಗೊಂದು ಟೈಪಿಂಗ್ ತಪ್ಪು. ಇಪ್ಪತ್ತೆರಡು ವರ್ಷ ಅವನೇ ತಿದ್ದಿದ್ದ, ಹಿರಿಯರ ಅವೇ ತಪ್ಪುಗಳು. ಪೆನ್ಸಿಲ್ ಇಲ್ಲದ ಕೈಯಿಂದ ಅವನು ಹಾಳೆ ಎತ್ತಿಕೊಂಡು, ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತ ಮೊದಲ ಸಾಲು ಓದಿದ.

“‘ಈಗ ಏಳು ಗಂಟೆ ಹತ್ತು ನಿಮಿಷ,’ ಎಂದು ಗಡಿಯಾರದತ್ತ ತಿರುಗದೆಯೇ ಹೇಳಿ, ಕಂಪೌಂಡರ್ ಎರಡೂ ಕೈಗಳನ್ನು ಬೇಡಿಗೆ ಒಡ್ಡಿದ.”