ಅವ್ವನ ಬಾಯಲ್ಲಿ ಉಳಿದ ಮಾತು

ಸಣ್ಣತಾಯಿ ಬೆಂದ ಕಾಡುಗೆಣಸಿನ ಸಿಪ್ಪೆ ಸುಲಿಯುತ್ತಿದ್ದಾಗ ಅವ್ವ ತಮ್ಮ ನುಡಿಯ ಪಾಠ ಶುರುಮಾಡಿದಳು.

ಕಲಿಯುವವರು ಒಮ್ಮೆ ಸರಿಯಾಗಿ ಹೇಳಿದರೆ ಮಾತು ಅವರದಾಗುತ್ತದೆ, ಹೇಳಿಕೊಟ್ಟವರ ಬಾಯಿಗೆ ಅದು ಮತ್ತೆ ಬರುವುದಿಲ್ಲ; ಕಾಡಂಚಿನ ಆ ಹಾಡಿಯ ಜನಕ್ಕೆಲ್ಲ ಇದು ಗೊತ್ತಿದ್ದದ್ದೇ. ತಮ್ಮ ನುಡಿಯಲ್ಲಿ ನೀರಿಗಿದ್ದ ಮಾತನ್ನು ಮಗಳಿಗೆ ಕೊಟ್ಟಮೇಲೆ ಅವ್ವ ಪರರ ಮನೆಯಲ್ಲಿ ಕೇಳುವವಳಂತೆ ಕನ್ನಡದಲ್ಲಿ "ನೀರು ಕೊಡು" ಎನ್ನುತ್ತಿದ್ದಳು. ಬೆಂಕಿ, ಜೇನು, ಎಲ್ಲ ಕೊಟ್ಟಾಗಿತ್ತು. ಮನೆಗೆ ಬಂದವರನ್ನು ಒಳಗೆ ಕರೆಯುವ ಮಾತೊಂದೇ ಉಳಿದಿತ್ತು.

"ಇದೊಂದ ಕಲ್ತ್ಕೊಬುಡು ಮಗ. ನಾನು ಹೊಂಟೋದ್ರೆ ಇದೂ ಮಣ್ಗೋಯ್ತದೆ," ಎಂದು ಅವ್ವ ಅದನ್ನು ನಿಧಾನವಾಗಿ ಹೇಳಿಕೊಟ್ಟಳು.

ಸಣ್ಣತಾಯಿ ತಪ್ಪಾಗಿ ಹೇಳಿದಳು.

"ಅಯ್ಯೋ, ಇಸ್ಕೂಲ್ನೋರು ನಿನ್ ನಾಲ್ಗೆಗೆ ಬೀಗ ಜಡುದ್ರಾ? ಇನ್ನೊಂದ್ಸಲ ಯೋಳು."

ಮತ್ತೂ ತಪ್ಪಾಯಿತು. ಅವ್ವ ನಕ್ಕು ಗೆಣಸು ಬಾಯಿಗಿಟ್ಟುಕೊಂಡಳು.

ಚಿಕ್ಕಂದಿನಲ್ಲಿ ಆಶ್ರಮ ಶಾಲೆಯಿಂದ ರಜೆಗೆ ಬಂದಾಗಲೆಲ್ಲ ಸಣ್ಣತಾಯಿ ಹೊಸ್ತಿಲಾಚೆ ನಿಂತು ಆ ಮಾತಿಗೆ ಕಾಯುತ್ತಿದ್ದಳು. ಈಗಲೂ ಕೂಲಿ ಮುಗಿಸಿ ಬಂದು ಅಲ್ಲೇ ನಿಲ್ಲುತ್ತಾಳೆ. ಕಲಿತರೆ ಮಾತು ಉಳಿಯುತ್ತದೆ, ಆದರೆ ಆ ಮಾತು ಹೇಳಿ ತನ್ನನ್ನು ಒಳಗೆ ಕರೆಯುವವರು ಇರುವುದಿಲ್ಲ.

ನಾಲಗೆಯ ತುದಿಗೆ ಸರಿಯಾಗಿಯೇ ಬಂದಿದ್ದ ಮಾತನ್ನು ಅವಳು ನುಂಗಿಕೊಂಡಳು. ಅವ್ವನ ಜೊತೆ ಹೋಗುವುದಾದರೆ ಹೋಗಲಿ. ನಾಳೆಯೂ ತಪ್ಪಾಗಿಯೇ ಹೇಳಬೇಕು.

ಇನ್ನೊಂದು ಗೆಣಸು ಕೈಗೆತ್ತಿಕೊಂಡಳು.