ಅಬುಧಾಬಿಯಲ್ಲಿ ಕೆರೆ ಚಂದಾ

ಹಮ್ದಾನ್ ಸ್ಟ್ರೀಟಿನ ಅಂಗಡಿ ಮಾಲೀಕ ಅಬ್ದುಲ್ ರವೂಫ್ ಚೆಕ್ಕಿನ ಮೇಲೆ ಪೆನ್ನಿಟ್ಟದ್ದೇ ತಡ, ಕೆರೆ ಉಳಿಸಿ ಸಮಿತಿಯ ಅಧ್ಯಕ್ಷ ಚಾಮರಾಜ ನಾಲಿಗೆ ಹರಿಬಿಟ್ಟ. "ವಲಸೆ ಬರೋರನ್ನ ತಡೀದಿದ್ರೆ ಬೆಂಗಳೂರಲ್ಲಿ ಒಂದು ಕೆರೆನೂ ಉಳಿಯಲ್ಲ ಸಾರ್!"

ಹಿತಾ ಹಣೆ ಚಚ್ಚಿಕೊಂಡಳು. ಸಮಿತಿಗೆ ದಾನಿಗಳನ್ನು ಹುಡುಕುವುದು ಅವಳ ಕೆಲಸ. ಆ ಮಾತನ್ನು ಇಲ್ಲಿ ಎತ್ತಲೇಬೇಡಿ ಎಂದು ವಿಮಾನದಲ್ಲಿ ಹೇಳಿದ್ದಳು, ಈಗಷ್ಟೇ ಲಿಫ್ಟಿನಲ್ಲೂ ಹೇಳಿದ್ದಳು.

ರವೂಫ್ ಪೆನ್ನೆತ್ತಿದರು. "ನಾನೂ ಉಳ್ಳಾಲದಿಂದ ಇಲ್ಲಿಗೆ ವಲಸೆ ಬಂದವನೇ ಅಲ್ವಾ ಮಾರಾಯ್ರೆ?"

"ಅಯ್ಯೋ, ನಿಮ್ಮನ್ನಲ್ಲ ಸಾರ್! ನಾನು ಹೇಳಿದ್ದು ಆ ಕೂಲಿಗೆ ಬರೋ ಜನಕ್ಕೆ."

ರವೂಫ್ ಪೆನ್ನಿನ ಮುಚ್ಚಳ ಹಾಕಿದರು. "'ನಿನ್ನನ್ನಲ್ಲ' ಅಂತ ನಂಗೆ ವೀಸಾ ಕೊಡಿಸುವ ಅರಬಿ ಸ್ಪಾನ್ಸರೂ ಹೊರಗಿನವರನ್ನ ಬೈಯುವಾಗ ಹೇಳ್ತಾನೆ. ಆದ್ರೂ ವೀಸಾ ರಿನ್ಯೂ ಆಗುವವರೆಗೆ ನಂಗೆ ನಿದ್ದೆ ಬರುದಿಲ್ಲ."